ಯುದ್ಧಕಾಲದ ಬಿಲ್ಲೆಯ ಮೂಲಶೋಧ: ಬೀದರ ಸೀಮೆಯ ಅನುಭವ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜವಾನರು, ಹಮಾಲರು, ರೈಲ್ವೆ ನೌಕರರು ಎದೆಗೋ ತೋಳಿಗೋ ಸೊಂಟಪಟ್ಟಿಗೋ ಧರಿಸುತ್ತಿದ್ದ, ಇಲಾಖೆಯ ಹೆಸರನ್ನೂ ಸಂಖ್ಯೆಯನ್ನೂ ಹೊತ್ತ ಲೋಹದ ತಗಡಿಗೆ ಬಿಲ್ಲೆ ಎನ್ನುತ್ತಾರೆ. ಬೀದರ, ಭಾಲ್ಕಿ, ಔರಾದಗಳಲ್ಲಿ ಇಂಥ ಬಿಲ್ಲೆಯ ಮೂಲ ಹುಡುಕುವವರಿಗೆ, ಅದನ್ನು ಕೊಟ್ಟ ಆಡಳಿತ ಯಾವುದೆಂಬುದೇ ಮೊದಲ ತೊಡಕಾಗುತ್ತದೆ. ಬೀದರ ನಿಜಾಮ್ ಸರ್ಕಾರದ ಜಿಲ್ಲಾ ಕೇಂದ್ರವಾಗಿತ್ತು; ಭಾಲ್ಕಿ ಪೈಗಾಹಿಗೆ, ಅಂದರೆ ಸೈನ್ಯ ಸಾಕುವುದಕ್ಕಾಗಿ ಆಪ್ತ ಸರದಾರ ಮನೆತನಗಳಿಗೆ ಬಿಟ್ಟುಕೊಟ್ಟ ಜಹಗೀರಿಗೆ, ಸೇರಿದ್ದ ತಾಲ್ಲೂಕಾಗಿದ್ದುದರಿಂದ ಅಲ್ಲಿಯ ಜವಾನನ ಬಿಲ್ಲೆ ಸರ್ಕಾರದ್ದಾಗಿರಲೇಬೇಕೆಂದಿಲ್ಲ. ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲುಮಾರ್ಗ ಬೀದರ, ಭಾಲ್ಕಿಗಳನ್ನು ಮುಟ್ಟುತ್ತದೆಯಾದರೂ ಔರಾದ ಪಟ್ಟಣಕ್ಕೆ ರೈಲಿಲ್ಲ. ಆದರೆ ನಿಜಾಮ್ ಸ್ಟೇಟ್ ರೈಲ್ವೆಯೇ 1932ರಲ್ಲಿ ಬಸ್ ಸಾರಿಗೆಯನ್ನೂ ಆರಂಭಿಸಿದ್ದರಿಂದ, ರೈಲ್ವೆಯ ಹೆಸರಿದ್ದ ಮಾತ್ರಕ್ಕೆ ಬಿಲ್ಲೆಯನ್ನು ರೈಲು ನಿಲ್ದಾಣಕ್ಕೆ ಕಟ್ಟಿಹಾಕಲಾಗದು.

ಇಸವಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹೈದರಾಬಾದ್ ಸಂಸ್ಥಾನದ ಕಚೇರಿಗಳು ಕಂದಾಯದ ಸೌರವರ್ಷವಾದ ಫಸಲಿಯನ್ನು ಬಳಸುತ್ತಿದ್ದರೆ, ನಾಣ್ಯಗಳ ಮೇಲೆ ಚಾಂದ್ರಮಾನದ ಹಿಜರಿ ಇರುತ್ತಿತ್ತು. 1350 ಎಂಬ ಅಂಕಿ ಫಸಲಿಯಾದರೆ 1940–41, ಅಂದರೆ ಯುದ್ಧದ ನಡುಗಾಲ. ಹಿಜರಿಯಾದರೆ 1931–32, ಯುದ್ಧದ ಸುಳಿವೂ ಇಲ್ಲದ ಕಾಲ. ಬಿಲ್ಲೆಯ ಬರಹ ಒಂದು ವರ್ಷಗಣನೆಯನ್ನು ಹೆಸರಿಸದಿದ್ದಲ್ಲಿ ಎರಡು ಲೆಕ್ಕಗಳನ್ನೂ ಬರೆದಿಟ್ಟುಕೊಳ್ಳುವುದೇ ಪ್ರಾಮಾಣಿಕ ಮಾರ್ಗ. ಉರ್ದು ಅಂಕಿಗಳಲ್ಲಿ ಸೊನ್ನೆ ಬರಿಯ ಚುಕ್ಕೆಯಾಗಿದ್ದು, ಐದು ಎಂಬುದೇ ಸೊನ್ನೆಯಂತೆ ಕಾಣುವುದರಿಂದ, ಸವೆದ ತಗಡನ್ನು ಆ ಲಿಪಿ ಬಲ್ಲ ಹಿರಿಯರ ಮುಂದಿಡುವುದು ಅನಿವಾರ್ಯ. ಮನೆಯವರು ಹುಣಸೆಹಣ್ಣು ಹಾಕಿ ಉಜ್ಜಿ ಹೊಳೆಯಿಸುವ ಮೊದಲೇ ಈ ಓದು ನಡೆಯಬೇಕು, ಏಕೆಂದರೆ ಅಕ್ಷರಗಳ ತಗ್ಗಿನಲ್ಲಿ ಉಳಿದ ಬಣ್ಣವೂ ಒಂದು ಸಾಕ್ಷಿ.

ಬೀದರದಲ್ಲಿ ಸಿಕ್ಕ ಲೋಹವಸ್ತುವೆಲ್ಲ ಬಿದರಿ ಕೆಲಸವೆಂಬ ಅಭಿಮಾನದ ಊಹೆಗೆ ಉತ್ತರ ಸುಲಭ: ಬಿದರಿ ಸತು ಹೆಚ್ಚಾಗಿರುವ ಮಿಶ್ರಲೋಹದ ಎರಕ, ಕಪ್ಪಾಗಿಸಿದ ಅದರ ಮೈಯಲ್ಲಿ ಬೆಳ್ಳಿಯ ಕುಸುರಿ ಕೂರುತ್ತದೆ, ಅಚ್ಚೊತ್ತಿದ ಹಿತ್ತಾಳೆ ಬಿಲ್ಲೆ ಬೇರೆಯೇ ಕಸುಬಿನದು.

ಬಿಲ್ಲೆ ಯಾರ ಎದೆಯ ಮೇಲಿತ್ತೆಂಬುದಕ್ಕೆ ಮನೆಮಂದಿಯ ನೆನಪಿಗಿಂತ ಉತ್ತಮ ಆಧಾರ ದೊರೆಯುವುದು ಅಪರೂಪ. ಆದರೆ ಇಸವಿಯ ಮಾತು ಬಂದಾಗ ಆ ನೆನಪು ಎಲ್ಲವನ್ನೂ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆಯ ಹಿಂದೆ ಅಥವಾ ಮುಂದೆ ಎಂದಷ್ಟೇ ವಿಂಗಡಿಸುತ್ತದೆ. ಆ ದಿನಗಳನ್ನು ಕಂಡ ಸೀಮೆಗೆ ಅದು ಸಹಜ, ಅದನ್ನು ಗೌರವದಿಂದಲೇ ಕೇಳಬೇಕು. ಕಾಗದಪತ್ರಗಳ ಹುಡುಕಾಟ ಮಾತ್ರ ಜಿಲ್ಲೆಯ ಗಡಿ ದಾಟುತ್ತದೆ. 1956ರಲ್ಲಿ ಹಳೆಯ ಬೀದರ ಜಿಲ್ಲೆ ಮೈಸೂರು, ಮುಂಬಯಿ, ಆಂಧ್ರಪ್ರದೇಶಗಳಿಗೆ ಹಂಚಿಹೋಯಿತು. ಸಂಸ್ಥಾನದ ಕಡತಗಳಿಗೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರವನ್ನೇ ಆಶ್ರಯಿಸಬೇಕು. ನಿಜಾಮ್ ರೈಲ್ವೆಯಾದರೋ 1951ರಲ್ಲಿ ಮಧ್ಯ ರೈಲ್ವೆಯೊಳಗೆ ಸೇರಿ, 1966ರಲ್ಲಿ ಸಿಕಂದರಾಬಾದ್ ಕೇಂದ್ರವಾದ ದಕ್ಷಿಣ ಮಧ್ಯ ರೈಲ್ವೆಗೆ ಬಂದಿತು; ಆದಕಾರಣ ರೈಲ್ವೆ ಬಿಲ್ಲೆಯ ಬೆನ್ನುಹತ್ತುವವರು ಜಹಗೀರಿನ ಕಡತಗಳಿಗಿಂತ ಮೊದಲು ಈ ದಾರಿಯನ್ನು ಹಿಡಿಯುವುದು ಲೇಸು.