ಮೇಜಿನ ಮೇಲೆ ಉಗಿಬಂಡಿ: ಕಟ್ಟುವವರಿಗೆ, ಓಡಿಸುವವರಿಗೆ ಹತ್ತು ಸೂತ್ರ

ಮಾದರಿ ರೈಲಿನ ಹುಚ್ಚು ಹತ್ತಿದವರು ಸಾಮಾನ್ಯವಾಗಿ ಮೊದಲು ಇಂಜಿನ್ ಕೊಳ್ಳುತ್ತಾರೆ, ದುಂಡನೆಯ ಹಳಿ ಹಾಕಿ ಸುತ್ತಲು ಬಿಡುತ್ತಾರೆ. ಕೆಲವೇ ವಾರಗಳಲ್ಲಿ ರೈಲು ಪೆಟ್ಟಿಗೆ ಸೇರುತ್ತದೆ. ಉಗಿ ಇಂಜಿನ್ ಇದ್ದದ್ದು ಬರೀ ಸುತ್ತುವುದಕ್ಕಲ್ಲ. ಅದಕ್ಕೆ ನೀರು ಕುಡಿಸಬೇಕಿತ್ತು, ಕಲ್ಲಿದ್ದಲು ತುಂಬಬೇಕಿತ್ತು, ಬೂದಿ ಎಳೆಯಬೇಕಿತ್ತು, ಮುಖ ತಿರುಗಿಸಬೇಕಿತ್ತು. ಈ ದುಡಿಮೆ ಮೇಜಿನ ಮೇಲೆ ಕಂಡರೆ ಮಾತ್ರ ಉಗಿಯುಗ ಕಂಡಂತೆ.

1. ಒಂದು ಊರು, ಒಂದು ವರ್ಷ ಹಿಡಿಯಿರಿ

“ಹಳೇ ಕಾಲದ ರೈಲು” ಅಂದುಕೊಂಡು ಹೊರಟರೆ ದಾರಿ ತಪ್ಪುತ್ತದೆ. ತಾಳಗುಪ್ಪ, ಚಾಮರಾಜನಗರದಂಥ, ಅಂದು ಮೀಟರ್ ಗೇಜ್ (ಕಂಬಿಗಳ ನಡುವೆ ಒಂದು ಮೀಟರ್ ಅಂತರ) ಆಗಿದ್ದ ಮಾರ್ಗದ ಕೊನೆಯ ನಿಲ್ದಾಣವೊಂದನ್ನು ಆರಿಸಿಕೊಳ್ಳಿ, ಜತೆಗೆ ಇಸವಿಯನ್ನೂ ನಿಗದಿ ಮಾಡಿ. 1951ರ ಏಪ್ರಿಲ್ 14ಕ್ಕಿಂತ ಮುಂಚಿನದಾದರೆ ಅದು ಮೈಸೂರು ಸ್ಟೇಟ್ ರೈಲ್ವೆ; ಅಲ್ಲಿಂದಾಚೆಗೆ ದಕ್ಷಿಣ ರೈಲ್ವೆ. 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು, ಆದ್ದರಿಂದ ಗೋಡೆಯ ಮೇಲೆ ಅಂಟಿಸುವ ಪುಟ್ಟ ಜಾಹೀರಾತಿನಲ್ಲಿ “ಕರ್ನಾಟಕ ಸರ್ಕಾರ” ಅಂತ ಬರೆಯುವಂತಿಲ್ಲ. ಪ್ರಯಾಣಿಕರ ಗಾಡಿ ಎಳೆಯುವ ವೈಪಿ, ಗೂಡ್ಸ್ ಎಳೆಯುವ ವೈಜಿ ಇಂಜಿನ್‌ಗಳೆರಡೂ ಸ್ವಾತಂತ್ರ್ಯದ ನಂತರ ಬಂದವು. 1940ರ ದೃಶ್ಯದಲ್ಲಿ ವೈಪಿ ನಿಲ್ಲಿಸಿದರೆ ತಿಳಿದವರ ಕಣ್ಣಿಗೆ ಚುಚ್ಚುತ್ತದೆ. ನನ್ನ ಆಯ್ಕೆ 1960ರ ದಶಕ: ಕೆಂಗಂದು ಬಣ್ಣದ ಬೋಗಿಗಳು, ಕಪ್ಪು ಇಂಜಿನ್, ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ, ಹಳಿಯುದ್ದಕ್ಕೂ ತಂತಿ ಕಂಬ.

2. ಅಳತೆಯಲ್ಲಿ ಮೀಟರ್ ಗೇಜ್ ನಮಗೆ ಒಲಿದಿದೆ

1:87, ಅಂದರೆ ನಿಜದ 87ನೇ ಒಂದು ಭಾಗದ ಅಳತೆಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹಳಿಯ ಅಗಲ 16.5 ಮಿ.ಮೀ. ನಮ್ಮ 1,676 ಮಿ.ಮೀ. ಬ್ರಾಡ್ ಗೇಜನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಹೀಗಾಗಿ ಆ ಹಳಿಯ ಮೇಲೆ ಭಾರತದ ಬ್ರಾಡ್ ಗೇಜ್ ಇಂಜಿನ್ ನಿಲ್ಲಿಸಿದರೆ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಮೀಟರ್ ಗೇಜಿಗೆ ಬರುವುದು 11.5 ಮಿ.ಮೀ.; ಸ್ವಿಸ್ ಪರ್ವತ ರೈಲುಗಳ ಮಾದರಿಗಾಗಿ ಪೆಕೋ, ಬೆಮೋ ಮುಂತಾದ ಕಂಪನಿಗಳು ಮಾಡುವ ಹಳಿ 12 ಮಿ.ಮೀ. ಅರ್ಧ ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು.

ಇಂಜಿನ್ನಿನ ಮೈಯನ್ನು ಹಿತ್ತಾಳೆ ತಗಡು, ಪ್ಲಾಸ್ಟಿಕ್ ಹಾಳೆ ಅಥವಾ ತ್ರೀಡಿ ಪ್ರಿಂಟ್‌ನಲ್ಲಿ ನೀವೇ ಮಾಡಿಕೊಳ್ಳಬೇಕಾಗಬಹುದು. ಕೆಳಗಿನ ಮೋಟಾರು-ಚಕ್ರದ ಚೌಕಟ್ಟನ್ನು ಮಾತ್ರ ಕೊಳ್ಳಿ. 12 ಮಿ.ಮೀ. ಹಳಿಯ ಮೇಲೆಯೇ ಓಡುವ ಟಿಟಿ ಅಳತೆಯ ಯುರೋಪಿನ ಉಗಿ ಇಂಜಿನ್‌ಗಳ ಕಡೆಯೂ ಕಣ್ಣು ಹಾಯಿಸಿ. ವೈಪಿಯ ದೊಡ್ಡ ಚಕ್ರ ನಿಜದಲ್ಲಿ 1,372 ಮಿ.ಮೀ., ಮಾದರಿಯಲ್ಲಿ ಸುಮಾರು 16. ವೈಜಿಯದು 1,219, ಮಾದರಿಯಲ್ಲಿ 14. ಚಕ್ರದ ಅಳತೆ ಹೊಂದಿದರೆ ಅರ್ಧ ಗೆದ್ದ ಹಾಗೆ. ಇನ್ನೊಂದು ಗುರುತು ಮರೆಯಬೇಡಿ: ಮೀಟರ್ ಗೇಜಿನ ಗಾಡಿಗಳಿಗೆ ಎರಡು ಬದಿಯ ಬಫರ್ ಇರಲಿಲ್ಲ, ನಡುವೆ ಒಂದೇ.

3. ಜಾಗ ಕಡಿಮೆ ಇದ್ದರೆ ನಿಲ್ದಾಣ ಒಂದೇ ಸಾಕು

ಒಂದು ಕಿಲೋಮೀಟರ್ ಅಂದರೆ 1:87ರಲ್ಲಿ ಹನ್ನೊಂದೂವರೆ ಮೀಟರ್. ಬೆಂಗಳೂರಿನ ಯಾವ ಫ್ಲಾಟಿನಲ್ಲಿ ಅಷ್ಟು ಗೋಡೆ ಇದೆ? ಎರಡೂವರೆ ಮೀಟರ್ ಉದ್ದ, 45 ಸೆಂ.ಮೀ. ಅಗಲದ ಹಲಗೆಯಲ್ಲಿ ಮಾರ್ಗದ ತುದಿಯ ನಿಲ್ದಾಣ ಮಾಡಿ. ಇನ್ನೊಂದು ತುದಿಯಲ್ಲಿ ಹಳಿಯನ್ನು ಸೇತುವೆಯ ಅಥವಾ ಮರಗಳ ಮರೆಗೆ ಒಯ್ದು, ಅಲ್ಲಿ ನಾಲ್ಕಾರು ಸಾಲು ಹಳಿ ಹಾಕಿ. ನೋಡುವವರಿಗೆ ಕಾಣದ ಆ ಅಂಗಳವೇ ಬೀರೂರು, ಅದೇ ಮೈಸೂರು, ಅದೇ ಹೊರಗಿನ ಲೋಕ.

4. ಹಲಗೆ ಗಟ್ಟಿಯಿರಲಿ

ದಪ್ಪ ಪ್ಲೈವುಡ್, ಕೆಳಗೆ ಅಡ್ಡಪಟ್ಟಿ, ಎರಡೂ ಮೈಗೆ ವಾರ್ನಿಷ್. ಮಳೆಗಾಲದ ತೇವಕ್ಕೆ ಹಲಗೆ ಬಾಗಿದರೆ ಮೇಲಿನ ಎಲ್ಲ ಕೆಲಸವೂ ಹಾಳು. ಕೈಗೆಟುಕದ ಮೂಲೆ ಬಿಡಬೇಡಿ, 75 ಸೆಂ.ಮೀ. ಆಚೆ ಹಳಿ ತಪ್ಪಿದ ಗಾಡಿಯನ್ನು ಎತ್ತುವುದೇ ಶಿಕ್ಷೆ.

5. ಜಲ್ಲಿ ಅಂಟಿಸುವ ಮೊದಲು ಹಳಿ ಪರೀಕ್ಷಿಸಿ

ಇಡೀ ಗಾಡಿಯನ್ನು ಹಿಮ್ಮುಖವಾಗಿ ನಿಧಾನಕ್ಕೆ ತಳ್ಳಿಸಿ. ಎಳೆಯುವಾಗ ಅಡಗಿರುವ ದೋಷ ತಳ್ಳುವಾಗ ಬಯಲಾಗುತ್ತದೆ. ಹಳಿ ಕವಲೊಡೆಯುವ ಪಾಯಿಂಟುಗಳನ್ನು ಕೊಳ್ಳುವಾಗ, ಕಂಬಿಗಳು ಸೇರುವ ಕೂಡುಭಾಗದಲ್ಲೂ ವಿದ್ಯುತ್ ಹರಿಯುವಂಥದ್ದನ್ನೇ ಆರಿಸಿ. ಪ್ಲಾಸ್ಟಿಕ್ ಕೂಡುಭಾಗದ ಮೇಲೆ ಚಿಕ್ಕ ಇಂಜಿನ್ ಗಕ್ಕನೆ ನಿಲ್ಲುತ್ತದೆ. ಇಂಜಿನ್ನಿನ ಹಿಂದಿರುವ ಕಲ್ಲಿದ್ದಲು-ನೀರಿನ ಬಂಡಿಯಾದ ಟೆಂಡರಿನ ಚಕ್ರಗಳಿಂದಲೂ ವಿದ್ಯುತ್ ತೆಗೆದುಕೊಳ್ಳುವ ವ್ಯವಸ್ಥೆ ಮಾಡಿ. ಏರು 1:50ಕ್ಕಿಂತ ಕಡಿದಾಗುವುದು ಬೇಡ, ಮಾದರಿಯ ಉಗಿ ಇಂಜಿನ್ನಿಗೆ ಹಿಡಿತ ಕಡಿಮೆ.

ಆಮೇಲೆ ಜಲ್ಲಿ: ಸಣ್ಣಗೆ ಜರಡಿ ಹಿಡಿದದ್ದು, ಅದರ ಮೇಲೆ ನೀರು ಬೆರೆಸಿದ ಫೆವಿಕಾಲ್, ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಕಂಬಿಯ ಬದಿಗೆ ತುಕ್ಕಿನ ಬಣ್ಣ ಹಚ್ಚಿ, ನೆತ್ತಿಯನ್ನು ಹೊಳೆಯಲು ಬಿಡಿ. ಕಾಂಕ್ರೀಟ್ ಸ್ಲೀಪರ್ ನಾವು ಆರಿಸಿದ ಕಾಲದ ಇಂಥ ಮಾರ್ಗಕ್ಕೆ ಸೇರಿದ್ದಲ್ಲ.

6. ಇಂಜಿನ್ನಿನ ಹೊಟ್ಟೆಪಾಡಿಗೆ ಒಳ್ಳೆಯ ಜಾಗ ಕೊಡಿ

ಬಹಳ ಮಂದಿ ಕಟ್ಟಡ, ಬೆಟ್ಟ, ಸುರಂಗ ಎಂದು ಹಲಗೆ ತುಂಬಿಸಿ ಲೋಕೋ ಶೆಡ್ಡನ್ನು ಮೂಲೆಗೆ ದೂಡುತ್ತಾರೆ. ನಾನಾದರೆ ಅದನ್ನು ಮುಂಬದಿಗೆ ತರುತ್ತೇನೆ. ಮೊದಲು ಬೂದಿ ಗುಂಡಿ, ಆಮೇಲೆ ಕಲ್ಲಿದ್ದಲಿನ ರಾಶಿ, ನೀರಿನ ಕಂಬ, ಟರ್ನ್‌ಟೇಬಲ್, ಕೊನೆಗೆ ಶೆಡ್. ಟೆಂಡರ್ ಇರುವ ಇಂಜಿನ್ ಮಾರ್ಗದ ತುದಿಗೆ ಬಂದರೆ ಮುಖ ತಿರುಗಿಸಿಕೊಳ್ಳಬೇಕು. ಬಂದ ಗಾಡಿ ಮರಳುವ ಮುನ್ನ ನಿಮಗೆ ಸಾಕಷ್ಟು ಕೆಲಸ ಸಿಗುವುದು ಇಲ್ಲೇ.

ಪ್ರತಿ ಜಾಗಕ್ಕೂ ಅದರದೇ ಕೊಳೆ ಇದೆ. ನೀರಿನ ಕಂಬದ ಬುಡ ಸದಾ ಒದ್ದೆ, ಅಲ್ಲಿ ಹೊಳೆಯುವ ವಾರ್ನಿಷ್ ಒಂದು ಪದರ. ಬೂದಿ ಗುಂಡಿಯ ಅಂಚಿಗೆ ಬಿಳಿಬೂದು ಪುಡಿ. ಕಲ್ಲಿದ್ದಲಿಗೆ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ಹಾಕಿ, ಬಣ್ಣದ ಪ್ಲಾಸ್ಟಿಕ್ಕಿಗೆ ಆ ಮಿನುಗು ಬರದು. ಸಣ್ಣ ಶೆಡ್ಡುಗಳಲ್ಲಿ ಬುಟ್ಟಿಯಲ್ಲಿ ಹೊತ್ತು ಟೆಂಡರ್ ತುಂಬುತ್ತಿದ್ದರು. ಬುಟ್ಟಿ ಹೊತ್ತ ನಾಲ್ಕು ಗೊಂಬೆಗಳನ್ನು ಅಲ್ಲಿ ನಿಲ್ಲಿಸಿ, ರೈಲಿನ ಚರಿತ್ರೆಯಲ್ಲಿ ಅವರ ಬೆವರೂ ಇದೆ. ಇಂಜಿನ್ನಿಗೆ ಕಡುಗಪ್ಪು ಬೇಡ, ಬೂದು ಬೆರೆತ ಕಪ್ಪು ಸರಿ. ಬಾಯ್ಲರ್ ತೊಳೆಯುವ ಬಿರಡೆಗಳ ಕೆಳಗೆ ಸುಣ್ಣದ ಬಿಳಿ ಗೆರೆ ಎಳೆಯಿರಿ, ಗಡಸು ನೀರಿನ ಊರಾದರೆ ಇನ್ನೂ ದಪ್ಪಗೆ.

7. ನಿಧಾನ, ಇನ್ನೂ ನಿಧಾನ

ಒಂದು ಮೀಟರ್ ದಾಟಲು ಹತ್ತು ಸೆಕೆಂಡು ಹಿಡಿದರೆ ಅದು 1:87ರಲ್ಲಿ ಸುಮಾರು ಗಂಟೆಗೆ 30 ಕಿ.ಮೀ. ಶಂಟಿಂಗಿನಲ್ಲಿ ಅದೇ ದೂರಕ್ಕೆ 40 ಸೆಕೆಂಡು ಕೊಡಿ. ಗಡಿಯಾರ ಹಿಡಿದು ಒಮ್ಮೆ ಅಭ್ಯಾಸ ಮಾಡಿದರೆ ಕೈಗೆ ತಾನಾಗಿ ಹದ ಬರುತ್ತದೆ. ಹೊಸ ಇಂಜಿನ್ನನ್ನು ಮೊದಲು ಹೊರೆಯಿಲ್ಲದೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ ಪಳಗಿಸಿ.

ಡಿಜಿಟಲ್ ನಿಯಂತ್ರಣದಲ್ಲಿ ಸದ್ದಿನ ಚಿಪ್ ಹಾಕಿಸುವವರು ಈ ಲೆಕ್ಕ ನೆನಪಿಡಿ: ಎರಡು ಸಿಲಿಂಡರಿನ ಇಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ವೈಪಿ ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದಾಗ ಅದು ಸೆಕೆಂಡಿಗೆ ಹತ್ತಿರ ಹತ್ತಿರ ಎಂಟು. ಚಕ್ರಕ್ಕೂ ಸದ್ದಿಗೂ ತಾಳ ತಪ್ಪಿದರೆ ಸದ್ದಿಲ್ಲದಿರುವುದೇ ಮೇಲು.

8. ಗೂಡ್ಸ್ ಗಾಡಿಗೆ ಒಗಟು ಹಾಕಿ

ಇಂಗ್ಲೆಂಡಿನ ಆಲನ್ ರೈಟ್ ಎಂಬವರು ರೂಪಿಸಿದ ಇಂಗಲ್‌ನುಕ್ ಎಂಬ ವಿನ್ಯಾಸಕ್ಕೆ ಮೂರೇ ಸಾಲು ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಎಂಟು ವ್ಯಾಗನ್ನುಗಳ ಹೆಸರನ್ನು ಚೀಟಿಯಲ್ಲಿ ಬರೆದು, ಐದು ಚೀಟಿ ಎತ್ತಿ, ಅದೇ ಕ್ರಮದಲ್ಲಿ ಗಾಡಿ ಕೂಡಿಸಬೇಕು. ಸಾಧ್ಯವಿರುವ ಕ್ರಮಗಳು 6,720. ಮರದ ದಿಮ್ಮಿ, ಅಡಿಕೆ, ಭದ್ರಾವತಿಯ ಕಬ್ಬಿಣ ಎಂದು ವ್ಯಾಗನ್ನುಗಳಿಗೆ ಸರಕು ಹಂಚಿಬಿಟ್ಟರೆ ಆಟದೊಳಗೆ ಮಲೆನಾಡಿನ ವ್ಯಾಪಾರವೇ ಬಂದು ಕೂರುತ್ತದೆ. ಪುಸ್ತಕದ ಕಪಾಟಿನ ಮೇಲೂ ಇದು ಹಿಡಿಸುತ್ತದೆ. ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎನ್ನುವುದು ನನ್ನ ಬಲವಾದ ಅಭಿಪ್ರಾಯ.

9. ಟೋಕನ್ ಇಲ್ಲದೆ ಗಾಡಿ ಬಿಡಬೇಡಿ

ಒಂಟಿ ಹಳಿಯ ಮಾರ್ಗಗಳಲ್ಲಿ ನೀಲ್ಸ್ ಯಂತ್ರದಿಂದ ಬರುವ ಉಕ್ಕಿನ ಗುಂಡೇ ಟೋಕನ್, ಅದು ಡ್ರೈವರನ ಕೈ ಸೇರಿದ ಮೇಲೇ ಗಾಡಿ ಹೊರಡುತ್ತಿತ್ತು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಒಂದು ಸೈಕಲ್ ಬೇರಿಂಗ್ ಗುಂಡು ಇಟ್ಟುಕೊಳ್ಳಿ, ಅದು ಕೈಯಲ್ಲಿದ್ದವರಿಗೆ ಮಾತ್ರ ಕಂಟ್ರೋಲರ್ ತಿರುಗಿಸುವ ಹಕ್ಕು. ಒಬ್ಬರು ಸ್ಟೇಷನ್ ಮಾಸ್ಟರ್, ಇನ್ನೊಬ್ಬರು ಡ್ರೈವರ್ ಆದರೆ ಮಕ್ಕಳಿಗೂ ಅಜ್ಜನಿಗೂ ಒಂದು ಸಂಜೆ ಸಾಲುವುದಿಲ್ಲ. ಜತೆಗಾರರಿಲ್ಲದವರು ಪಾದ್ರಿ ಪೀಟರ್ ಡೆನ್ನಿಯವರನ್ನು ನೆನೆಯಬೇಕು. ಬಕಿಂಗ್‌ಹ್ಯಾಮ್ ಎಂಬ ತಮ್ಮ ಪ್ರಸಿದ್ಧ ಮಾದರಿಯಲ್ಲಿ ಪಕ್ಕದ ನಿಲ್ದಾಣ ನೋಡಿಕೊಳ್ಳಲು ಅವರೊಂದು ಯಂತ್ರ ಕಟ್ಟಿ, ಅದಕ್ಕೆ ಮಗ ಕ್ರಿಸ್ಪಿನ್ನನ ಹೆಸರಿಟ್ಟಿದ್ದರು.

10. ಹೊಗೆಯ ಆಸೆ ಬಿಡಿ, ಅಳತೆಕೋಲು ಹಿಡಿಯಿರಿ

ಹೊಗೆ ಬಿಡುವ ಪುಟ್ಟ ಯಂತ್ರದ ಎಣ್ಣೆ ಕಂಬಿಯ ಮೇಲೆ ಕೂತು ವಿದ್ಯುತ್ ಸಂಪರ್ಕ ಕೆಡಿಸುತ್ತದೆ, ಹೊಗೆಯೂ ತೆಳ್ಳಗೆ. ಆ ಹಣವನ್ನು ಪ್ರಯಾಣಕ್ಕೆ ಹಾಕಿ. 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮೀಟರ್ ಗೇಜ್ ಉಗಿ ಇಂಜಿನ್ನನ್ನು ಹತ್ತಿರದಿಂದ ಕಾಣಬಹುದು. ಹತ್ತು ಸೆಂಟಿಮೀಟರಿಗೊಂದು ಗುರುತು ಹಾಕಿದ ಕೋಲನ್ನು ಪಕ್ಕಕ್ಕೆ ಹಿಡಿದು ಫೋಟೊ ತೆಗೆದರೆ ಪ್ರತಿ ಮೆಟ್ಟಿಲು, ಪ್ರತಿ ಕೊಳವೆಯ ಅಳತೆ ಮನೆಗೆ ಬರುತ್ತದೆ. ನಿವೃತ್ತ ಡ್ರೈವರು, ಫೈರ್‌ಮನ್ನರು ನಿಮ್ಮೂರಲ್ಲಿದ್ದರೆ ಅವರ ಮನೆಗೂ ಹೋಗಿ. ನೀರು ಹಿಡಿಯಲು ಗಾಡಿ ಎಲ್ಲಿ ನಿಲ್ಲುತ್ತಿತ್ತು, ಬೂದಿ ಎಲ್ಲಿ ಸುರಿಯುತ್ತಿದ್ದರು, ಕೊನೇ ಗಾಡಿ ಬಂದ ಮೇಲೆ ಇಂಜಿನ್ ಯಾವ ಹಳಿಯಲ್ಲಿ ರಾತ್ರಿ ಕಳೆಯುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ.