ಮಾಳಿಗೆಯ ಮೇಲೆ ಮಣ್ಣು ಎಷ್ಟಿರಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಂದಿಗೂ ಸಾಕಷ್ಟಿವೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಸಣ್ಣ ಕಟ್ಟಿಗೆ ಮತ್ತು ಸೊಪ್ಪು, ಎಲ್ಲಕ್ಕೂ ಮೇಲೆ ಬಡಿದು ಗಟ್ಟಿ ಮಾಡಿದ ಮಣ್ಣು. ಇದು ಈ ಮನೆಗಳ ರಚನೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ, ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಒಣ ಪ್ರದೇಶಕ್ಕೆ ಇಂಥ ಮನೆ ಚೆನ್ನಾಗಿ ಒಗ್ಗುತ್ತದೆ. ಮಣ್ಣು ಬಿಸಿಲಿನ ಕಾವನ್ನು ನಿಧಾನವಾಗಿ ಒಳಗೆ ಬಿಡುವುದರಿಂದ ಮಧ್ಯಾಹ್ನವೂ ಮನೆ ತಂಪಾಗಿರುತ್ತದೆ.

ಆದರೆ ಒಂದು ರೂಢಿ ಈ ಒಳ್ಳೆಯ ಮನೆಯನ್ನು ಅಪಾಯಕ್ಕೆ ಈಡುಮಾಡುತ್ತಿದೆ. ಮಾಳಿಗೆ ಸೋರಿದಾಗಲೆಲ್ಲ ಹಳೆಯ ಮಣ್ಣನ್ನು ತೆಗೆಯದೆ ಅದರ ಮೇಲೆಯೇ ಹೊಸ ಮಣ್ಣು ಹಾಕಲಾಗುತ್ತದೆ. ಅಜ್ಜ ಹಾಕಿದ್ದರ ಮೇಲೆ ತಂದೆ, ತಂದೆ ಹಾಕಿದ್ದರ ಮೇಲೆ ಮಗ. ಹೀಗೆ ಅರ್ಧ ಅಡಿ ಇದ್ದ ಮಣ್ಣು ಕೆಲವು ಮನೆಗಳಲ್ಲಿ ಎರಡು ಅಡಿಗೆ ಏರಿದೆ. ಮಣ್ಣು ಏರಿತು, ಆದರೆ ಕೆಳಗಿನ ತೊಲೆ ಮಾತ್ರ ಅದೇ ಹಳೆಯ ತೊಲೆ.

ಭಾರದ ಲೆಕ್ಕ

ರೈತರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಬಡಿದು ಗಟ್ಟಿಯಾದ ಒಣ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,600 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದು ಅಂಗುಲ ಮಣ್ಣು ಹಾಕಿದರೆ ಹೆಚ್ಚುಕಡಿಮೆ 4 ಕ್ವಿಂಟಲ್ ಭಾರ ಬೀಳುತ್ತದೆ. ಒಂದು ಅಡಿ ಮಣ್ಣಿಗೆ 45 ಕ್ವಿಂಟಲ್, ಎರಡು ಅಡಿಗೆ 90 ಕ್ವಿಂಟಲ್. ಎಂದರೆ ನೂರು ಕಿಲೋದ 90 ಜೋಳದ ಚೀಲಗಳನ್ನು ಮಾಳಿಗೆಯ ಮೇಲೆ ಒಟ್ಟಿ, ಅದರ ಕೆಳಗೆ ಮಕ್ಕಳನ್ನು ಮಲಗಿಸಿದಂತೆ.

ಇದು ಒಣ ಮಣ್ಣಿನ ತೂಕ. ಜಡಿಮಳೆಯಲ್ಲಿ ಮಣ್ಣು ನೆನೆದರೆ ಪ್ರತಿ ಅಡಿ ದಪ್ಪಕ್ಕೆ ಇನ್ನೂ ಐದಾರು ಕ್ವಿಂಟಲ್ ಕೂಡುತ್ತದೆ. ದೋಣಿ ಕಟ್ಟಿಕೊಂಡು ಮಾಳಿಗೆಯ ಮೇಲೆ ನಾಲ್ಕು ಅಂಗುಲ ನೀರು ನಿಂತರೆ ಅದರ ತೂಕ ಬೇರೆ 9 ಕ್ವಿಂಟಲ್. ಇದೇ ಹೊತ್ತಿಗೆ ಗೋಡೆಯ ಮಣ್ಣೂ ನೆನೆದು ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಭಾರ ಹೆಚ್ಚುವುದು ಮತ್ತು ಆಧಾರ ಕುಗ್ಗುವುದು ಎರಡೂ ಒಂದೇ ರಾತ್ರಿ ನಡೆಯುತ್ತವೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಹಸ್ತ ಮಳೆಯ ಕಾಲಕ್ಕೆ, ಉತ್ತರ ಕರ್ನಾಟಕದಲ್ಲಿ ಆದದ್ದು ಇದೇ. ನಮ್ಮ ಜಿಲ್ಲೆಯೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ದೊಡ್ಡ ಸಂಖ್ಯೆಯಲ್ಲಿ ಕುಸಿದು ಅನೇಕರು ಪ್ರಾಣ ಕಳೆದುಕೊಂಡರು. ಅದಕ್ಕೂ ಮೊದಲು, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಲಾತೂರ ಜಿಲ್ಲೆಯ ಕಿಲ್ಲಾರಿ ಭೂಕಂಪದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿನ ಮನೆಗಳೂ ನಮ್ಮವುಗಳಂತೆ ಕಲ್ಲು-ಮಣ್ಣಿನ ಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆಯವು. ವಿಜಯಪುರ ಜಿಲ್ಲೆಯಲ್ಲಿ 2021 ಮತ್ತು 2022ರಲ್ಲಿ ಲಘು ಕಂಪನಗಳಾದದ್ದನ್ನೂ ಮರೆಯುವಂತಿಲ್ಲ.

ಮಾಳಿಗೆ ಸೋರುವುದೇಕೆ?

ಮಣ್ಣು ಕಡಿಮೆಯಾಗಿದೆ ಎಂದು ಮಾಳಿಗೆ ಸೋರುವುದು ಅಪರೂಪ. ಇಳಿಜಾರು ಇಲ್ಲದೆ ನೀರು ನಿಲ್ಲುವುದು, ದೋಣಿ ಕಟ್ಟಿಕೊಳ್ಳುವುದು, ಹುಲ್ಲು ಬೆಳೆದು ಬೇರಿನ ದಾರಿಯಲ್ಲಿ ನೀರು ಇಳಿಯುವುದು, ಇಲಿ ಮತ್ತು ಇರುವೆಗಳ ಬಿಲ, ಬೆಳಕಿಂಡಿಯ ಅಂಚು ಹಾಗೂ ಮಾಳಿಗೆಯ ಸುತ್ತಲಿನ ಕುಂಬಿಯ ಬುಡದಲ್ಲಿ ಬಿಟ್ಟ ಬಿರುಕು, ಸರಿಯಲ್ಲದ ಮಣ್ಣು ಇವು ಮುಖ್ಯ ಕಾರಣಗಳು. ಇವುಗಳಲ್ಲಿ ಯಾವುದೂ ಮೇಲೆ ಮಣ್ಣು ಸುರಿಯುವುದರಿಂದ ಶಾಶ್ವತವಾಗಿ ಸರಿಹೋಗುವುದಿಲ್ಲ.

ಯಾವ ಮಣ್ಣು ಸೂಕ್ತ?

ಎರೆ ಮಣ್ಣು ಮಾಳಿಗೆಗೆ ಬೇಡ. ಅದು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವ ಗುಣದ್ದು. ಹೊಲದಲ್ಲಿ ಬೇಸಿಗೆಗೆ ಬಿಡುವ ಬಿರುಕೇ ಮಾಳಿಗೆಯ ಮೇಲೂ ಬಿಡುತ್ತದೆ. ಮೊದಲ ಮಳೆ ನೇರವಾಗಿ ಆ ಬಿರುಕಿನಲ್ಲಿ ಇಳಿಯುತ್ತದೆ.

ಮಾಳಿಗೆಯ ಮೇಲ್ಪದರಿಗೆ ಎರೆಯ ಅಂಶ ಕಡಿಮೆ ಇರುವ ಕರಲು ಮಣ್ಣು ಸೂಕ್ತ. ಈ ಮಣ್ಣಿನಲ್ಲಿರುವ ಸೋಡಿಯಂ ಜೇಡಿ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಬಿಡಿಯಾದ ಸಣ್ಣ ಕಣಗಳು ರಂಧ್ರಗಳನ್ನು ಮುಚ್ಚಿ ನೀರು ಇಂಗದಂತೆ ಮಾಡುತ್ತವೆ. ಹೊಲದಲ್ಲಿ ಬೆಳೆಗೆ ಕೇಡು ಮಾಡುವ ಗುಣವೇ ಮಾಳಿಗೆಯ ಮೇಲೆ ಉಪಕಾರ ಮಾಡುತ್ತದೆ. ಜಿಪ್ಸಂ ಹಾಕಿ ಸುಧಾರಿಸಿದ ಹೊಲದ ಮಣ್ಣಿಗೆ ಈ ಗುಣ ಉಳಿಯುವುದಿಲ್ಲ, ಅದನ್ನು ತರಬೇಡಿ.

ಮಣ್ಣನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ಮಳೆ ನೀರು ತುಂಬಿ, ಒಣ ಹೆಂಟೆಯ ಸಣ್ಣ ಚೂರನ್ನು ಮೆಲ್ಲಗೆ ಬಿಡಿ. ಕಲಕದೆ ಇದ್ದರೂ ಒಂದೆರಡು ಗಂಟೆಯಲ್ಲಿ ನೀರು ಹಾಲಿನಂತೆ ರಾಡಿಯಾದರೆ ಅದು ಕರಲು ಮಣ್ಣು. ಉಪ್ಪು ಬಾವಿಯ ನೀರಿನಲ್ಲಿ ಈ ಪರೀಕ್ಷೆ ಸರಿಯಾಗದು. ಅನಂತರ ಅದೇ ಮಣ್ಣನ್ನು ಕಲಸಿ, ರೊಟ್ಟಿಯಂತೆ ತಟ್ಟಿ ನೆರಳಿನಲ್ಲಿ ಒಣಗಿಸಿ. ಬಿರುಕು ಬಿಡದಿದ್ದರೆ ಬಳಸಬಹುದು.

ಬೇಸಿಗೆಯಲ್ಲಿ ಮಾಡಬೇಕಾದ ಕೆಲಸ

ಹಿಂಗಾರಿ ರಾಶಿ ಮುಗಿದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ ಈ ಕೆಲಸ ಹಿಡಿಯಬೇಕು.

1. ಒಂದು ಮೂಲೆಯಲ್ಲಿ ತಗ್ಗು ತೆಗೆದು ಮಣ್ಣಿನ ದಪ್ಪ ಅಳೆಯಿರಿ. ಆರರಿಂದ ಎಂಟು ಅಂಗುಲ ಸಾಕು. ಹೆಚ್ಚಿನದನ್ನು ತೆಗೆಯಬೇಕು.

2. ತೆಗೆಯುವ ಮೊದಲು ಕೋಣೆ ಬರಿದು ಮಾಡಿ, ತೊಲೆಗಳಿಗೆ ಕೆಳಗಿನಿಂದ ಆಸರೆ ಕಂಬ ಕೊಡಿ. ಮಣ್ಣನ್ನು ಎಲ್ಲ ಕಡೆಯಿಂದ ಸಮನಾಗಿ ತೆಗೆಯಿರಿ. ಮಾಳಿಗೆಯ ಮೇಲೆಯೇ ಗುಡ್ಡೆ ಹಾಕಬೇಡಿ.

3. ತೊಲೆ ಮತ್ತು ಜಂತಿಗಳನ್ನು, ಮುಖ್ಯವಾಗಿ ಗೋಡೆಯೊಳಗೆ ಸೇರಿದ ತುದಿಗಳನ್ನು, ದಬ್ಬಣದಿಂದ ಚುಚ್ಚಿ ನೋಡಿ. ದಬ್ಬಣ ಸಲೀಸಾಗಿ ಇಳಿದರೆ ಅಥವಾ ಬಡಿದಾಗ ಪೊಳ್ಳು ಸದ್ದು ಬಂದರೆ ಗೆದ್ದಲು ಇಲ್ಲವೆ ಕೊಳೆ ಹಿಡಿದಿದೆ. ಅಂಥದ್ದನ್ನು ಬದಲಿಸಬೇಕು.

4. ನಲವತ್ತು ಅಡಿಗೆ ಒಂದು ಅಡಿಯಂತೆ, ಎಂದರೆ ಹತ್ತು ಅಡಿಗೆ ಮೂರು ಅಂಗುಲ ಇಳಿಜಾರು ಕೊಡಿ. ಇದಕ್ಕಿಂತ ಬಹಳ ಹೆಚ್ಚಾದರೆ ಕರಲು ಮಣ್ಣು ಕೊಚ್ಚಿಹೋಗುತ್ತದೆ.

5. ಮಣ್ಣನ್ನು ತುಸು ಹಸಿ ಮಾಡಿ, ದಿಮ್ಮಸಿನಿಂದ ಬಡಿದು, ಮೇಲೆ ಮಣ್ಣು, ಹೊಟ್ಟು ಮತ್ತು ಸಗಣಿ ಕಲಸಿದ ಗಿಲಾವು ಕೊಡಿ. ದೋಣಿಯ ನೀರು ಗೋಡೆಗೆ ಸಿಡಿಯದಂತೆ ಅದರ ಬಾಯಿಯನ್ನು ಹೊರಚಾಚಿರಿ.

ಅಪಾಯದ ಸೂಚನೆಗಳು

ತೊಲೆ ಬಾಗಿರುವುದು, ಜಂತಿ ಸಂದಿನಿಂದ ಮಣ್ಣು ಉದುರುವುದು, ಗೋಡೆ ಹೊಟ್ಟೆ ಬಿಟ್ಟಿರುವುದು, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಕಟ್ಟಿಗೆ ಲಟಲಟ ಎನ್ನುವುದು. ಇವುಗಳಲ್ಲಿ ಒಂದು ಕಂಡರೂ ಜಡಿಮಳೆಯ ರಾತ್ರಿ ಆ ಕೋಣೆಯಲ್ಲಿ ಮಲಗಬಾರದು. ದನಗಳನ್ನೂ ಹೊರಗೆ ಕಟ್ಟಬೇಕು. ಮಳೆ ನಿಂತ ಮಾತ್ರಕ್ಕೆ ಅಪಾಯ ಕಳೆಯದು. ಮಣ್ಣು ಒಣಗುವವರೆಗೂ ನೀರಿನ ಭಾರ ಮೇಲೆಯೇ ಇರುತ್ತದೆ.

ಹೊಸ ಚಾವಣಿ ಹಾಕುವವರಿಗೆ

ತಗಡಿನ ಚಾವಣಿ ಹಗುರ, ಆದರೆ ಬೇಸಿಗೆಯಲ್ಲಿ ಬಹಳ ಕಾಯುತ್ತದೆ. ಮುಂಗಾರು ಪೂರ್ವದ ಬಿರುಗಾಳಿಗೆ ಹಾರದಂತೆ ಅದನ್ನು ಕೊಕ್ಕೆ ಬೋಲ್ಟುಗಳಿಂದ ಬಿಗಿಯಬೇಕು. ಮೇಲೆ ಬಿಡಿ ಕಲ್ಲು ಹೇರುವುದು ಸರಿಯಲ್ಲ. ಐದು ಅಂಗುಲದ ಕಾಂಕ್ರೀಟು ಚಾವಣಿ ಮೇಲೆ ಹೇಳಿದ ಅಳತೆಯ ಕೋಣೆಗೆ ಸುಮಾರು 30 ಕ್ವಿಂಟಲ್ ತೂಗುತ್ತದೆ. ಅದನ್ನು ಹಳೆಯ ಕಲ್ಲು-ಮಣ್ಣಿನ ಗೋಡೆಯ ಮೇಲೆ ಕೂರಿಸುವ ಮೊದಲು ಎಂಜಿನಿಯರರ ಸಲಹೆ ಪಡೆಯಲೇಬೇಕು.

ಮಣ್ಣಿನ ಮಾಳಿಗೆ ಕೆಟ್ಟದ್ದಲ್ಲ. ಮಿತಿಮೀರಿದ ಮಣ್ಣು ಕೆಟ್ಟದ್ದು. ಈ ಸಲ ಮಾಳಿಗೆ ಸೋರಿದರೆ ಮಣ್ಣಿನ ಬುಟ್ಟಿ ಹೊರುವ ಮೊದಲು ಅಳತೆಗೋಲು ಹಿಡಿದು ಮೇಲೆ ಹತ್ತಿರಿ. ವಿಸ್ತರಣಾ ಕಾರ್ಯಕರ್ತರು ಬೇಸಿಗೆಯ ಗ್ರಾಮಸಭೆಗಳಲ್ಲಿ ಬೀಜ-ಗೊಬ್ಬರದ ಮಾತಿನ ಜೊತೆಗೆ ಈ ವಿಷಯವನ್ನೂ ರೈತರ ಗಮನಕ್ಕೆ ತರುವುದು ಅಗತ್ಯ.