ಅಳತೆಗೆ ತಕ್ಕ ಅಂಗಿ

ಮಕ್ಕಳೇ, ನಿಮ್ಮ ಅಂಗಿಯ ಕೊರಳಪಟ್ಟಿಯ ಒಳಭಾಗವನ್ನು ಒಮ್ಮೆ ನೋಡಿರಿ. ಅಂಗಡಿಯಿಂದ ತಂದ ಅಂಗಿಯಾದರೆ ಅಲ್ಲಿ ಒಂದು ಚಿಕ್ಕ ಚೀಟಿ ಇರಬಹುದು. ಅದರ ಮೇಲೆ 26, 28, 30 ಇಂಥ ಒಂದು ಅಂಕಿ ಇರುತ್ತದೆ. ಅದು ಅಂಗಿಯ ಗಾತ್ರ. ಸಿಂಪಿಗರು ಹೊಲಿದ ಅಂಗಿಗೆ ಈ ಚೀಟಿ ಬೇಕಾಗಿಲ್ಲ. ಅವರು ನಿಮ್ಮ ಮೈಗೇ ಟೇಪು ಹಿಡಿದು ಅಳತೆ ತೆಗೆದಿರುತ್ತಾರೆ.

ಸೊಲ್ಲಾಪುರದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಅನೇಕ ಕಾರಖಾನೆಗಳಿವೆ. ಅಲ್ಲಿ ಒಂದೇ ಬಗೆಯ ಅಂಗಿಗಳು ರಾಶಿ ರಾಶಿಯಾಗಿ ತಯಾರಾಗುತ್ತವೆ. ಪ್ರತಿಯೊಂದು ಮಗುವಿನ ಅಳತೆ ತೆಗೆಯಲು ಆಗುವುದಿಲ್ಲ. ಆದ್ದರಿಂದ ಪ್ರತಿ ಗಾತ್ರಕ್ಕೂ ಒಂದೊಂದು ನಮೂನೆ ಮಾಡಿಟ್ಟುಕೊಳ್ಳುತ್ತಾರೆ. ಅಂಗಿಯ ಮುಂಭಾಗ, ಹಿಂಭಾಗ ಮತ್ತು ತೋಳಿನ ಆಕಾರದಲ್ಲಿ ಕತ್ತರಿಸಿದ ಕಾಗದವೇ ನಮೂನೆ. ಮನೆಯಲ್ಲಿ ಹೊಲಿಯುವವರೂ ಇದನ್ನು ಬಟ್ಟೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದು ಕತ್ತರಿಸುತ್ತಾರೆ.

ಹಿಂದೆ ನಮೂನೆಗಳು ಸಾಮಾನ್ಯವಾಗಿ ಒಂದೇ ಗಾತ್ರದಲ್ಲಿ ಸಿಗುತ್ತಿದ್ದವು. ಹೊಲಿಯುವವರೇ ಅವುಗಳನ್ನು ಹಿಗ್ಗಿಸಿ ಇಲ್ಲವೆ ಕುಗ್ಗಿಸಿಕೊಳ್ಳಬೇಕಾಗಿತ್ತು. ಅಮೆರಿಕದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿ ಇದ್ದನು. ಅವನು 1863ರಲ್ಲಿ ಒಂದೇ ಉಡುಪಿಗೆ ಬೇರೆ ಬೇರೆ ಗಾತ್ರದ ಕಾಗದದ ನಮೂನೆಗಳನ್ನು ಮಾಡಿ ಮಾರತೊಡಗಿದನು. ಅವನ ಹೆಂಡತಿ ಎಲೆನ್ ಮಗನಿಗೆ ಬಟ್ಟೆ ಹೊಲಿಯುವಾಗ ಪಟ್ಟ ಕಷ್ಟವೇ ಇದಕ್ಕೆ ಕಾರಣವಾಯಿತೆಂದು ಹೇಳುತ್ತಾರೆ. ಗಾತ್ರಗಳು ಹಲವಾದವು, ಕೆಲಸ ಹಗುರಾಯಿತು. ಆದರೆ ಹೊಸ ಪ್ರಶ್ನೆಯೊಂದು ಎದ್ದಿತು. ಇಷ್ಟರಲ್ಲಿ ನಮಗೆ ಸರಿಯಾದುದು ಯಾವುದು?

ಒಂದು ಉದಾಹರಣೆ ನೋಡೋಣ. ದೀಪಾವಳಿಗೆ ನಿಮ್ಮ ತಮ್ಮನಿಗೆ ಅವ್ವ ಜುಬ್ಬಾ ಹೊಲಿಯುವವಳಿದ್ದಾಳೆ ಎಂದುಕೊಳ್ಳಿರಿ. ಅವಳ ಹತ್ತಿರ 24, 26 ಮತ್ತು 28 ಎಂದು ಬರೆದ ಮೂರು ನಮೂನೆಗಳಿವೆ. ನಮೂನೆ ಆರಿಸುವ ಕೆಲಸ ನಿಮ್ಮದು. ಇರುವುದು ಒಂದೇ ತುಂಡು ಬಟ್ಟೆ. ಕಾಗದ ಹಾಳಾದರೆ ಇನ್ನೊಂದು ಕಾಗದ ಸಿಗುತ್ತದೆ. ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹಬ್ಬದ ಜುಬ್ಬಾ ಹೋದಂತೆಯೇ!

ತಮ್ಮನಿಗೆ ಎಂಟು ವರ್ಷ. ವಯಸ್ಸು ನೋಡಿ ಗಾತ್ರ ಹೇಳಬಹುದೇ? ನಿಮ್ಮ ವರ್ಗದಲ್ಲಿಯೇ ನೋಡಿರಿ. ಎಲ್ಲರ ವಯಸ್ಸು ಹೆಚ್ಚುಕಡಿಮೆ ಒಂದೇ. ಆದರೆ ಒಬ್ಬನು ಎತ್ತರ, ಒಬ್ಬಳು ಗಿಡ್ಡ, ಒಬ್ಬನು ತೆಳ್ಳಗೆ, ಇನ್ನೊಬ್ಬಳು ದುಂಡಗೆ. ಆದ್ದರಿಂದ ವಯಸ್ಸನ್ನು ನಂಬಬಾರದು, ಟೇಪನ್ನು ನಂಬಬೇಕು.

ಅಂಗಿ, ಜುಬ್ಬಾಗಳಿಗೆ ಎದೆಯ ಸುತ್ತಳತೆ ಮುಖ್ಯ. ತಮ್ಮನನ್ನು ನೆಟ್ಟಗೆ ನಿಲ್ಲಿಸಿರಿ. ಅವನು ಎದೆ ಉಬ್ಬಿಸಬಾರದು, ಉಸಿರು ಬಿಗಿಹಿಡಿಯಬಾರದು. ಟೇಪನ್ನು ಕಂಕುಳ ಕೆಳಗಿನಿಂದ ಎದೆಯ ಸುತ್ತ ತನ್ನಿರಿ. ಬೆನ್ನ ಹಿಂದೆ ಅದು ಕೆಳಗೆ ಜಾರದಂತೆ ನೋಡಿಕೊಳ್ಳಿರಿ. ಟೇಪು ಮೈಗೆ ತಾಗಬೇಕು, ಆದರೆ ಬಿಗಿಯಬಾರದು. ಎರಡು ಸಲ ಅಳೆದು ಬರೆದಿಡಿರಿ. ತಮ್ಮನ ಅಳತೆ 26 ಇಂಚು ಬಂದಿತು. ಒಂದು ಇಂಚು ಎಂದರೆ 2.54 ಸೆಂಟಿಮೀಟರ್. ಹಾಗಾದರೆ ಇದು ಸುಮಾರು 66 ಸೆಂಟಿಮೀಟರ್ ಆಯಿತು.

ಈಗ ನಮೂನೆಯ ಮೇಲೆ ಬರೆದುದನ್ನು ಓದಿರಿ. ಕೆಲವು ನಮೂನೆಗಳ ಮೇಲೆ ಮೈಯ ಅಳತೆ ಬರೆದಿರುತ್ತಾರೆ. ಕೆಲವುಗಳ ಮೇಲೆ ಹೊಲಿದು ಮುಗಿದ ಉಡುಪಿನ ಅಳತೆ, ಇನ್ನು ಕೆಲವುಗಳ ಮೇಲೆ ಬರಿ ವಯಸ್ಸು ಇರುತ್ತದೆ. ಅವ್ವನ ನಮೂನೆಯ ಮೇಲಿರುವುದು ಮೈಯ ಅಳತೆ. ಆದ್ದರಿಂದ 26ರ ನಮೂನೆಯೇ ತಮ್ಮನಿಗೆ ಸರಿ.

“ಜುಬ್ಬಾ ಸಡಿಲ ಇರಬೇಕಲ್ಲ, 28 ತೆಗೆದುಕೊಳ್ಳೋಣ” ಎಂದು ಯಾರಾದರೂ ಹೇಳಬಹುದು. ಅವಸರ ಮಾಡದೆ ಕಾಗದವನ್ನೇ ಅಳೆಯಿರಿ. ನಮೂನೆಯಲ್ಲಿ ಮುಂಭಾಗದ ಅರ್ಧ ಮತ್ತು ಹಿಂಭಾಗದ ಅರ್ಧ ಮಾತ್ರ ಇರುತ್ತವೆ. ಬಟ್ಟೆಯನ್ನು ಮಡಿಸಿ ಕತ್ತರಿಸಿದಾಗ ಪೂರ್ತಿ ಭಾಗ ಸಿಗುತ್ತದೆ. ಹೊಲಿಗೆಗೆ ಬಿಟ್ಟ ಅಂಚನ್ನು ಕಳೆದು, ಎದೆಯ ಹತ್ತಿರ ಪ್ರತಿ ಅರ್ಧಭಾಗ ಏಳೂವರೆ ಇಂಚು ಇದೆ ಎನ್ನೋಣ. ಇಂಥ ಅರ್ಧಗಳು ನಾಲ್ಕು. ಒಟ್ಟು 30 ಇಂಚು. ತಮ್ಮನ ಎದೆ 26 ಇಂಚು. ಉಳಿದ 4 ಇಂಚು ಸಡಿಲಕ್ಕೆ. ಉಸಿರಾಡಲು, ಓಡಲು, ಕೈ ಎತ್ತಲು ಬೇಕಾದ ಜಾಗ ಮೊದಲೇ ಇದೆ! 28ನ್ನು ಆರಿಸಿದರೆ ಸಡಿಲದ ಮೇಲೆ ಇನ್ನೂ ಸಡಿಲ ಸೇರಿ ಭುಜ ಕೆಳಗಿಳಿಯುತ್ತದೆ.

ಅಳತೆ 27 ಇಂಚು ಬಂದಿದ್ದರೆ? ಆಗ 28 ಒಳ್ಳೆಯದು. ಮಕ್ಕಳು ಬೆಳೆಯುತ್ತಾರೆ. ಹೆಚ್ಚಾದ ಬಟ್ಟೆಯನ್ನು ಒಳಗೆ ಹಿಡಿದು ಹೊಲಿಯಬಹುದು. ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುವುದು?

ಎದೆಗೆ 26 ಸರಿಹೋಗಿ ಉದ್ದ ಕಡಿಮೆ ಬಿದ್ದರೆ ನಮೂನೆ ಬದಲಿಸಬೇಡಿರಿ. ಉದ್ದ ಹೆಚ್ಚಿಸುವುದು ಸುಲಭ. ಮುಂಭಾಗ, ಹಿಂಭಾಗ ಎರಡರ ಕೆಳಗೂ ಸಮನಾಗಿ ಕಾಗದ ಅಂಟಿಸಿದರೆ ಸಾಕು. ಭುಜ, ಕೊರಳು, ಕಂಕುಳ ಸುತ್ತು ಇವುಗಳನ್ನು ತಿದ್ದುವುದು ಕಷ್ಟ. ಅದಕ್ಕೇ ಮೊದಲು ಎದೆಗೆ ಹೊಂದುವುದನ್ನು ಆರಿಸಬೇಕು.

ಕತ್ತರಿ ಹಿಡಿಯುವ ಮೊದಲು ಇನ್ನೊಂದು ಮಾತು. ಹೊಸ ಹತ್ತಿ ಬಟ್ಟೆ ನೀರಿಗೆ ಬಿದ್ದಾಗ ಕುಗ್ಗುವುದುಂಟು. ಅದನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು. ಇಲ್ಲದಿದ್ದರೆ ಆರಿಸಿದ ಗಾತ್ರ ಮೊದಲ ಒಗೆತದಲ್ಲಿಯೇ ಚಿಕ್ಕದಾಗಬಹುದು. ಅನುಮಾನವಿದ್ದರೆ ಹಳೆಯ ಧೋತರದ ತುಂಡಿನಲ್ಲಿ ಮೊದಲು ಹೊಲಿದು, ತೊಡಿಸಿ ನೋಡಿರಿ.

ಮಕ್ಕಳೇ, ಗಾತ್ರದ ಅಂಕಿ ಪರೀಕ್ಷೆಯ ಅಂಕವಲ್ಲ. 30 ಇದ್ದವರು ಮೇಲಲ್ಲ, 24 ಇದ್ದವರು ಕೆಳಗಲ್ಲ. ಗೆಳೆಯರ ಗಾತ್ರ ಕೇಳಿ ನಗಬೇಡಿರಿ. ಬಟ್ಟೆ ಮೈಗೆ ಹೊಂದಬೇಕೇ ಹೊರತು, ಮೈ ಬಟ್ಟೆಗೆ ಹೊಂದಬೇಕಾಗಿಲ್ಲ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ನಮೂನೆ ಎಂದರೇನು?
2. ಜುಬ್ಬಾ ಹೊಲಿಯಲು ಯಾವ ಅಳತೆ ಮುಖ್ಯ?

ಆ) ಕಾರಣ ಹೇಳಿರಿ.
1. ವಯಸ್ಸು ನೋಡಿ ಗಾತ್ರ ಆರಿಸಬಾರದು.
2. ಹೊಸ ಹತ್ತಿ ಬಟ್ಟೆಯನ್ನು ನೆನೆಸಿದ ಮೇಲೆ ಕತ್ತರಿಸಬೇಕು.

ಇ) ಲೆಕ್ಕ ಮಾಡಿರಿ.
ನಮೂನೆಯ ಪ್ರತಿ ಅರ್ಧಭಾಗ ಎದೆಯ ಹತ್ತಿರ 8 ಇಂಚು ಇದೆ. ಮಗುವಿನ ಎದೆಯ ಅಳತೆ 28 ಇಂಚು. ಸಡಿಲಕ್ಕೆ ಎಷ್ಟು ಇಂಚು ಉಳಿಯಿತು?

ಉಪಕ್ರಮ: ನಿಮ್ಮ ಊರಿನ ಸಿಂಪಿಗರನ್ನು ಭೇಟಿಯಾಗಿರಿ. ಅವರು ಅಂಗಿಗೆ ಯಾವ ಯಾವ ಅಳತೆಗಳನ್ನು ತೆಗೆಯುತ್ತಾರೆ ಎಂದು ಕೇಳಿ ಬರೆಯಿರಿ.